ಮೇಲಿರುವ ಶಿಲ್ಕು ಫಂಕ್ಷನ್ನಿಗೆ ಯಾಕೆ ಕಾಣಲಿಲ್ಲ?

ಕಾಮರ್ಸ್ ಜೊತೆ ಕಂಪ್ಯೂಟರ್ ಸೈನ್ಸ್ ಓದುವ ನಮ್ಮನ್ನು ಪೈಥಾನ್ ಲ್ಯಾಬಿನಲ್ಲಿ ಗೊಂದಲಕ್ಕೆ ತಳ್ಳುವ ಎರರ್ ಒಂದಿದೆ. ಅದರ ಹೆಸರು ಅನ್‌ಬೌಂಡ್ ಲೋಕಲ್ ಎರರ್. ಈ ಪ್ರೋಗ್ರಾಂ ನೋಡಿ. ಓದಲು ಸುಲಭವಾಗಲೆಂದು ಕನ್ನಡದಲ್ಲಿ ಬರೆದಿದ್ದೇನೆ. ಟೈಪ್ ಮಾಡುವಾಗ ಡೆಫ್, ಪ್ರಿಂಟ್, ರಿಟರ್ನ್ ಇಂಗ್ಲಿಷಿನಲ್ಲೇ ಇರಬೇಕು.

ಶಿಲ್ಕು = 500
ಡೆಫ್ ಖರ್ಚು():
    ಪ್ರಿಂಟ್(ಶಿಲ್ಕು)
    ಶಿಲ್ಕು = ಶಿಲ್ಕು - 120
ಖರ್ಚು()

ಮೇಲೆ 500 ಇದೆ. ಆದರೂ ಪ್ರೋಗ್ರಾಂ ಪ್ರಿಂಟ್ ಸಾಲಿನಲ್ಲೇ ನಿಲ್ಲುತ್ತದೆ. ಈಗ 120 ಕಳೆಯುವ ಸಾಲನ್ನು ಅಳಿಸಿ ನೋಡಿ, ಅದೇ ಪ್ರಿಂಟ್ 500 ತೋರಿಸುತ್ತದೆ. ಕೆಳಗಿನ ಸಾಲು ಮೇಲಿನ ಸಾಲನ್ನು ತಡೆದದ್ದು ಹೇಗೆ?

ಪೈಥಾನ್ ಒಂದು ಫಂಕ್ಷನ್ನನ್ನು ನಡೆಸುವ ಮೊದಲೇ ಪೂರ್ತಿ ಓದಿಕೊಳ್ಳುತ್ತದೆ. ಒಳಗೆ ಎಲ್ಲೇ ಆಗಲಿ ಒಂದು ಹೆಸರಿಗೆ ಬೆಲೆ ಕೊಟ್ಟಿದ್ದರೆ, ಆ ಹೆಸರು ಇಡೀ ಫಂಕ್ಷನ್ನಿನಲ್ಲಿ ಲೋಕಲ್ ಎಂದು ತೀರ್ಮಾನಿಸುತ್ತದೆ. ನಮ್ಮ ಮನೆಯಲ್ಲಿ ಮುನ್ನಾ ಎಂದರೆ ನನ್ನ ತಮ್ಮ, ಪಕ್ಕದ ಮನೆಯಲ್ಲಿ ಮುನ್ನಾ ಎಂದರೆ ಇನ್ನೊಬ್ಬ ಹುಡುಗ. ಹಾಗೆಯೇ ಇಲ್ಲಿ ಶಿಲ್ಕು ಎರಡು.

ಅಕೌಂಟೆನ್ಸಿಯ ಮಾತಿನಲ್ಲಿ ಹೇಳುವುದಾದರೆ, ಫಂಕ್ಷನ್ ತನ್ನದೇ ಪೆಟ್ಟಿ ಕ್ಯಾಶ್ ಬುಕ್ ತೆರೆದಿದೆ, ಆದರೆ ಆರಂಭಿಕ ಶಿಲ್ಕು ಬರೆದಿಲ್ಲ. 120 ಕಳೆಯುವುದು ಯಾವುದರಿಂದ? 500 ಇರುವುದು ಬೇರೆ ಪುಸ್ತಕದಲ್ಲಿ.

ಗ್ಲೋಬಲ್ ಶಿಲ್ಕು ಎಂದು ಫಂಕ್ಷನ್ನಿನ ಮೊದಲ ಸಾಲಿನಲ್ಲಿ ಬರೆದರೆ ಎರರ್ ಹೋಗುತ್ತದೆ. ಆದರೆ ಹತ್ತು ಫಂಕ್ಷನ್‌ಗಳು ಹೀಗೆ ಒಂದೇ ಗಲ್ಲಾಪೆಟ್ಟಿಗೆಗೆ ಕೈ ಹಾಕಿದರೆ ಹಣ ಎಲ್ಲಿ ಕಡಿಮೆಯಾಯಿತೆಂದು ಹುಡುಕುವುದು ಕಷ್ಟ. ಕೊಟ್ಟು ತೆಗೆದುಕೊಳ್ಳುವ ಈ ದಾರಿ ಉತ್ತಮ:

ಡೆಫ್ ಖರ್ಚು(ಶಿಲ್ಕು, ಮೊತ್ತ):
    ರಿಟರ್ನ್ ಶಿಲ್ಕು - ಮೊತ್ತ
ಶಿಲ್ಕು = 500
ಶಿಲ್ಕು = ಖರ್ಚು(ಶಿಲ್ಕು, 120)

ಈಗ ಶಿಲ್ಕು 380. ಏನು ಒಳಗೆ ಹೋಯಿತು, ಏನು ಹೊರಗೆ ಬಂತು ಎಂಬುದಕ್ಕೆ ವೋಚರ್ ಇದ್ದಂತೆ.

ಇನ್ನೊಂದು ಎಚ್ಚರಿಕೆ. ಮೊದಲ ಪ್ರೋಗ್ರಾಂನ ಫಂಕ್ಷನ್ನಿನೊಳಗೆ ಶಿಲ್ಕು = 380 ಎಂದಷ್ಟೇ ಬರೆದರೆ ಯಾವ ಎರರೂ ಬರುವುದಿಲ್ಲ, ಹೊರಗಿನ ಶಿಲ್ಕು ಮಾತ್ರ 500 ಆಗಿಯೇ ಉಳಿಯುತ್ತದೆ. ಎರರ್ ಬಂದರೆ ಕನಿಷ್ಠ ಪಕ್ಷ ನಾವು ನಿಂತು ನೋಡುತ್ತೇವೆ. ಸದ್ದಿಲ್ಲದೆ ತಪ್ಪಿದ ಲೆಕ್ಕ ಬಿಲ್ಲಿನವರೆಗೂ ಹೋಗಿಬಿಡುತ್ತದೆ. ಆದ್ದರಿಂದ ಫಂಕ್ಷನ್ ಬರೆದ ಮೇಲೆ ಸಮಚಿಹ್ನೆಯ ಎಡಗಡೆ ಇರುವ ಪ್ರತಿ ಹೆಸರಿನ ಕೆಳಗೆ ಪೆನ್ಸಿಲ್ ಗೆರೆ ಎಳೆಯಿರಿ. ಅವೆಲ್ಲ ಆ ಫಂಕ್ಷನ್ನಿನ ಸ್ವಂತ ಹೆಸರುಗಳು. ಅವುಗಳಿಗೆ ಮೊದಲ ಬೆಲೆ ಎಲ್ಲಿಂದ ಬಂತೆಂದು ಕೇಳಿ, ಆಮೇಲೆ ರನ್ ಮಾಡಿ.