ಭಾರ ಹೊರಿಸಿ ನೋಡು, ತಮ್ಮಾ

ತಮ್ಮಾ, ಐಟಿಐ ಮುಗಿಸಿ ಬಂದು ಎರಡು ವರ್ಷ ನನ್ನ ಜೊತೆ ದುಡಿದೆ. ದೀಪಾವಳಿ ಕಳೆದ ಮೇಲೆ ನಿನ್ನದೇ ಅಂಗಡಿ ಇಡುತ್ತೀಯ. ನಿನ್ನ ಕೈ ಚುರುಕು, ವೈರಿಂಗ್ ಕೆಲಸ ಅಚ್ಚುಕಟ್ಟು, ಅದರಲ್ಲಿ ಎರಡು ಮಾತಿಲ್ಲ. ಆದರೆ ನಿನ್ನೆ ಸಂಜೆ ತಳ್ಳಿಸಿಕೊಂಡು ಬಂದ ಆ ಬಿಳಿ ಕಾರನ್ನು ಕಂಡ ಕೂಡಲೇ "ಬ್ಯಾಟರಿ ಹೋಗಿದೆ ಸಾರ್, ಹೊಸದು ಹಾಕ್ಬೇಕು" ಅಂದುಬಿಟ್ಟೆಯಲ್ಲ, ಆಗಿನ್ನೂ ಬಾನೆಟ್ ಎತ್ತಿರಲಿಲ್ಲ. ರಾತ್ರಿ ನನಗೆ ಅದೇ ಯೋಚನೆ. ಎದುರಿಗೆ ಹೇಳಿದರೆ ಬೈಗುಳವಾಗುತ್ತದೆ ಅಂತ ಬರೆದು ಇಡುತ್ತಿದ್ದೇನೆ.

ಗಾಡಿ ಸ್ಟಾರ್ಟ್ ಆಗುತ್ತಿಲ್ಲ ಅಂತ ಯಾರಾದರೂ ಬಂದರೆ ಮೊದಲು ಕಿವಿ ಕೊಡು. ಪಾರ್ಟಿಯ ಕೈಯಲ್ಲೇ ಕೀ ತಿರುಗಿಸಲು ಹೇಳಿ ನೀನು ಬಾನೆಟ್ ಪಕ್ಕ ನಿಲ್ಲು. ಟಕಟಕಟಕ ಅಂತ ಒಂದೇ ಸಮ ಬಡಿದುಕೊಂಡರೆ, ಸೊಲೆನಾಯ್ಡ್ ಎಳೆಯುತ್ತಿದೆ, ಎಳೆದ ಕ್ಷಣಕ್ಕೆ ವೋಲ್ಟೇಜ್ ಕುಸಿದು ಬಿಟ್ಟುಬಿಡುತ್ತಿದೆ, ಮತ್ತೆ ಎಳೆಯುತ್ತಿದೆ ಅಂತ ತಿಳಿ. ಬ್ಯಾಟರಿ ಇಳಿದಿರಬಹುದು, ಟರ್ಮಿನಲ್ ಸಡಿಲವಾಗಿರಬಹುದು. ಟಕ್ ಅಂತ ಒಂದೇ ಪೆಟ್ಟು ಕೊಟ್ಟು ಸುಮ್ಮನಾದರೆ ಸೆಲ್ಫ್ ಕಡೆ ಅನುಮಾನ ಪಡು. ಸೊಲೆನಾಯ್ಡ್ ಒಳಗಿನ ತಾಮ್ರದ ಕಾಂಟ್ಯಾಕ್ಟ್ ಸುಟ್ಟಿರಬಹುದು, ಕಾರ್ಬನ್ ಬ್ರಷ್ ಸವೆದಿರಬಹುದು. ಏನೂ ಸದ್ದಿಲ್ಲದೆ ಹೆಡ್‌ಲೈಟ್ ಮಾತ್ರ ಮೊದಲಿನಷ್ಟೇ ಬೆಳಗುತ್ತಿದ್ದರೆ ಸೆಲ್ಫಿಗೆ ಕರೆಂಟೇ ತಲುಪಿಲ್ಲ. ಆಗ ಇಗ್ನಿಷನ್ ಸ್ವಿಚ್, ರಿಲೇ, ಫ್ಯೂಸ್, ಕ್ಲಚ್ ಪೆಡಲಿನ ಸ್ವಿಚ್ ಇವನ್ನು ನೋಡಬೇಕು. ಆಟೊಮ್ಯಾಟಿಕ್ ಗಾಡಿಯಾದರೆ ಗೇರ್ ಎಲ್ಲಿ ನಿಂತಿದೆ ಅನ್ನುವುದನ್ನು ಎಲ್ಲಕ್ಕಿಂತ ಮೊದಲು ನೋಡು. ಇಷ್ಟನ್ನು ತಿಳಿಯಲು ಸ್ಪ್ಯಾನರ್ ಮುಟ್ಟಬೇಕಾಗಿಲ್ಲ.

ಆಮೇಲೆ ಮೀಟರ್. ಚೆನ್ನಾಗಿ ಚಾರ್ಜ್ ಆಗಿ ತಣ್ಣಗೆ ಕೂತ ಬ್ಯಾಟರಿ 12.6 ವೋಲ್ಟ್ ತೋರಿಸುತ್ತದೆ. 12ಕ್ಕೆ ಬಂತೆಂದರೆ ಹೆಚ್ಚುಕಡಿಮೆ ಖಾಲಿ. ಇದು ನಿನಗೆ ಗೊತ್ತು. ಆದರೆ ನೀನು ಅಷ್ಟಕ್ಕೇ ನಿಲ್ಲಿಸುತ್ತೀಯ, ನನ್ನ ತಕರಾರು ಅಲ್ಲೇ ಇರುವುದು. ಜಗುಲಿ ಮೇಲೆ ಕೂತ ಆಳಿನ ತಾಕತ್ತು ಅಡಿಕೆ ಮೂಟೆ ಹೊರಿಸಿದಾಗ ತಾನೇ ತಿಳಿಯುವುದು? ಪೆಟ್ರೋಲ್ ಕಾರಿನ ಸೆಲ್ಫ್ ತಿರುಗುವಾಗ ನೂರು, ಇನ್ನೂರು ಆಂಪಿಯರ್ ಎಳೆಯುತ್ತದೆ. ಮೀಟರ್ ಎಳೆಯುವುದು ಲೆಕ್ಕಕ್ಕೇ ಬಾರದಷ್ಟು. ದಪ್ಪ ಕೇಬಲಿನ ಎಳೆಗಳೆಲ್ಲ ಕಡಿದು ಒಂದೇ ಒಂದು ಎಳೆ ಉಳಿದಿದ್ದರೂ ಮೀಟರ್ 12.6 ಅಂತಲೇ ಹೇಳುತ್ತದೆ. ಅದಕ್ಕೇ ಸೆಲ್ಫ್ ಹೊಡೆಸುತ್ತಾ ಅಳೆ. ತಿರುಗುವಾಗ 10ರ ಆಸುಪಾಸಿನಲ್ಲಿ ನಿಂತರೆ ಬ್ಯಾಟರಿಗೆ ದಮ್ಮಿದೆ. ಒಂಬತ್ತೂವರೆಗಿಂತ ಕೆಳಗೆ ಜಾರಿದರೆ ಚಾರ್ಜ್ ಮಾಡಿ ಇನ್ನೊಮ್ಮೆ ನೋಡು, ಆಮೇಲೆ ಬೇಕಾದರೆ ಹೊಸದರ ಮಾತು ತೆಗೆ.

ಇದನ್ನು ನಾನು ಕಲಿತದ್ದು ಇನ್ನೊಬ್ಬರ ದುಡ್ಡಿನಲ್ಲಿ. ಅಂಗಡಿ ಇಟ್ಟ ಹೊಸತು, ಮಳೆಗಾಲ. ಒಬ್ಬ ಮೇಷ್ಟ್ರು ಹಳೇ ಕಾರು ತಂದರು. ಕೀ ತಿರುಗಿಸಿದರೆ ಸೆಲ್ಫ್ ನರಳಿ ನಿಲ್ಲುತ್ತಿತ್ತು. ಬ್ಯಾಟರಿ ಹಳೆಯದು, ಹೊಸದು ಹಾಕಿಸಿದೆ. ಹೋಯಿತು. ಎಂಟೇ ದಿನಕ್ಕೆ ವಾಪಸ್. ಈಗ ಸೆಲ್ಫ್ ಇಳಿಸಿ ಬ್ರಷ್, ಬುಷ್ ಎಲ್ಲ ಬದಲಿಸಿ ಕೊಟ್ಟೆ. ಮತ್ತೆ ಒಂದು ವಾರ ಓಡಿತು. ಮೂರನೇ ಸಲ ಅವರ ಮನೆಗೇ ಹೋಗಬೇಕಾಯಿತು. ಮಳೆ ಹೊಯ್ಯುತ್ತಿತ್ತು, ಮೇಷ್ಟ್ರು ಕೊಡೆ ಹಿಡಿದು ನಿಂತಿದ್ದರು, ಒಂದು ಮಾತೂ ಆಡಲಿಲ್ಲ. ಅವರ ಮಗ ಸೆಲ್ಫ್ ಹೊಡೆಯುತ್ತಿದ್ದ. ಬಗ್ಗಿ ನೋಡುತ್ತಿದ್ದ ನನ್ನ ಕೈ ಅಕಸ್ಮಾತ್ತಾಗಿ ಆಕ್ಸಿಲರೇಟರ್ ಕೇಬಲಿಗೆ ತಾಗಿತು. ಚುರ್ ಅಂತು. ತಣ್ಣಗಿರುವ ಇಂಜಿನ್, ಸುರಿಯುವ ಮಳೆ, ಆ ತೆಳು ಕೇಬಲ್ ಮಾತ್ರ ಕೆಂಡದಂತೆ ಬಿಸಿ!

ಆಗ ಹೊಳೆಯಿತು. ಬ್ಯಾಟರಿಯಿಂದ ಹೊರಟ ಕರೆಂಟ್ ಇಂಜಿನ್ ದಾಟಿ ವಾಪಸ್ ಬ್ಯಾಟರಿಗೆ ಬರಬೇಕು. ಬರುವ ದಾರಿ ಇಂಜಿನ್ನಿಗೂ ಬಾಡಿಗೂ ನಡುವಿನ ಅರ್ತ್ ಪಟ್ಟಿ. ಆ ದಾರಿ ಕಟ್ಟಿಹೋಗಿ, ಬೇರೆ ಗತಿಯಿಲ್ಲದೆ ಅಷ್ಟೂ ಕರೆಂಟ್ ಆಕ್ಸಿಲರೇಟರ್ ಕೇಬಲಿನಲ್ಲಿ ನುಗ್ಗುತ್ತಿತ್ತು. ಜಂಪರ್ ಕೇಬಲಿನ ಒಂದು ತುದಿಯನ್ನು ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದನ್ನು ನೇರ ಇಂಜಿನ್ ಬ್ಲಾಕಿಗೆ ಕಚ್ಚಿಸಿದೆ. ಅರ್ಧ ಸುತ್ತಿಗೇ ಗಾಡಿ ಹಿಡಿಯಿತು. ಆಮೇಲೆ ಅರ್ತ್ ಪಟ್ಟಿ ಬಿಚ್ಚಿ ನೋಡಿದರೆ ಹೊರಗಿನಿಂದ ಏನೂ ತಿಳಿಯುವಂತಿರಲಿಲ್ಲ. ಬೋಲ್ಟ್ ಬಿಗಿಯಾಗಿತ್ತು. ಲಗ್ ಒತ್ತಿದ ಜಾಗವನ್ನು ಸ್ಕ್ರೂಡ್ರೈವರಿನಿಂದ ಬಿಡಿಸಿದಾಗ ಒಳಗೆ ಹಸಿರು ಕಿಲುಬು ಪುಡಿಪುಡಿಯಾಗಿ ಅಂಗೈಗೆ ಉದುರಿತು. ಹಿತ್ತಾಳೆ ಚೊಂಬಿಗೆ ಹಿಡಿಯುತ್ತದಲ್ಲ, ಅದೇ ಬಣ್ಣ. ಸೆಲ್ಫ್ ಕೆಲಸದ ಕೂಲಿಯನ್ನು ಮೇಷ್ಟ್ರಿಗೆ ಹಿಂದಿರುಗಿಸಿದೆ. ಬ್ಯಾಟರಿಯ ದುಡ್ಡು ಕೊಡುವಷ್ಟು ನನ್ನ ಹತ್ತಿರ ಆಗ ಇರಲಿಲ್ಲ. ಅದು ಇವತ್ತಿಗೂ ಮನಸ್ಸಿನಲ್ಲಿದೆ.

ಹಾಗಾಗಿ ಈ ಒಂದು ಪರೀಕ್ಷೆಯನ್ನು ಬಿಡಬೇಡ. ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಪಾಸಿಟಿವ್ ಕಂಬಕ್ಕೆ ಹಿಡಿ. ಕ್ಲ್ಯಾಂಪಿಗೆ ಬೇಡ, ಸೀಸದ ಕಂಬಕ್ಕೇ ಹಿಡಿ. ಇನ್ನೊಂದನ್ನು ಸೆಲ್ಫಿನ ದಪ್ಪ ಕೇಬಲ್ ಕೂರುವ ಬೋಲ್ಟಿಗೆ. ಸೆಲ್ಫ್ ಹೊಡೆಸು. ಮೀಟರ್ ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಆ ದಾರಿಯಲ್ಲಿ ಎಲ್ಲೋ ತಡೆಯಿದೆ. ಅದೇ ರೀತಿ ನೆಗೆಟಿವ್ ಕಂಬದಿಂದ ಇಂಜಿನ್ ಬ್ಲಾಕಿಗೆ. ಇಲ್ಲಿ 0.2, ಬಹಳವೆಂದರೆ 0.3 ವೋಲ್ಟ್, ಅಷ್ಟರೊಳಗಿರಬೇಕು. ಹೆಚ್ಚಿದ್ದರೆ ಕಡ್ಡಿಯನ್ನು ಕಂಬದಿಂದ ಕ್ಲ್ಯಾಂಪಿಗೆ, ಕ್ಲ್ಯಾಂಪಿನಿಂದ ಬಾಡಿಗೆ, ಒಂದೊಂದೇ ಹೆಜ್ಜೆ ಸರಿಸುತ್ತಾ ಹೋಗು. ಎಲ್ಲಿ ಅಂಕಿ ತಟ್ಟನೆ ಇಳಿಯಿತೋ ಅಲ್ಲಿದೆ ಕಂಪ್ಲೇಂಟ್. ಟರ್ಮಿನಲ್ ಮೇಲೆ ಬಿಳಿ ಪೊರೆ ಕಟ್ಟಿದ್ದರೆ ಬಿಸಿನೀರು, ಅಡುಗೆ ಸೋಡಾ ಸಾಕು. ಒರೆಸಿ, ಉಜ್ಜಿ, ಬಿಗಿ ಮಾಡಿ, ಮೇಲೆ ವ್ಯಾಸಲೀನ್ ಹಚ್ಚು. ಹತ್ತು ನಿಮಿಷದ ಕೆಲಸ.

ಸೆಲ್ಫ್ ಚೆನ್ನಾಗಿ ತಿರುಗಿಯೂ ಇಂಜಿನ್ ಹಿಡಿಯದಿದ್ದರೆ ದಾರಿ ಬೇರೆ. ಪೆಟ್ರೋಲ್ ಗಾಡಿಯಾದರೆ ಕೀ ಆನ್ ಮಾಡಿದಾಗ ಹಿಂದಿನ ಸೀಟಿನಡಿ ಪಂಪು ಎರಡು ಸೆಕೆಂಡ್ ಗುಂಯ್ ಅನ್ನುತ್ತದೆಯಾ ಕೇಳು. ಡ್ಯಾಶ್‌ಬೋರ್ಡಿನಲ್ಲಿ ಕೀ ಚಿತ್ರದ ದೀಪ ಮಿಣುಕುತ್ತಿದ್ದರೆ ಇಮ್ಮೊಬಿಲೈಸರ್ ಕೀಯನ್ನು ಗುರುತಿಸುತ್ತಿಲ್ಲ. ಬಿಸಿಯಾದಾಗ ನಿಂತು, ತಣ್ಣಗಾದ ಮೇಲೆ ಹಿಡಿಯುವ ಗಾಡಿಯಲ್ಲಿ ಕ್ರ್ಯಾಂಕ್ ಸೆನ್ಸರ್ ಮೇಲೆ ಕಣ್ಣಿಡು. ಇದಕ್ಕೆ ಸ್ಕ್ಯಾನರ್ ಇದೆ, ನನಗಿಂತ ನಿನಗೇ ಅದು ಚೆನ್ನಾಗಿ ಬರುತ್ತದೆ.

ರಾತ್ರಿ ಕಳೆದು ಬೆಳಗಾಗುವುದರೊಳಗೆ ಬ್ಯಾಟರಿ ಇಳಿಯುವ ಗಾಡಿಗೆ ತಾಳ್ಮೆ ಬೇಕು. ಡಿಕ್ಕಿಯೊಳಗಿನ 5 ವ್ಯಾಟಿನ ಬಲ್ಬ್ ಆರದೇ ಉಳಿದರೂ ಅರ್ಧ ಆಂಪಿಯರಿನ ಹತ್ತಿರ ಎಳೆಯುತ್ತದೆ, ನಾಲ್ಕೈದು ದಿನಕ್ಕೆ 45 ಆಂಪಿಯರ್ ಅವರ್ ಬ್ಯಾಟರಿ ಬರಿದು. ನೆಗೆಟಿವ್ ಬಿಚ್ಚಿ ನಡುವೆ ಮೀಟರ್ ಕಟ್ಟು, ಗಾಡಿ ಲಾಕ್ ಮಾಡಿ ಅರ್ಧ ಗಂಟೆ ಬಿಡು. 50 ಮಿಲಿಆಂಪಿಯರಿಗಿಂತ ಹೆಚ್ಚು ಹರಿಯುತ್ತಿದ್ದರೆ ಫ್ಯೂಸ್ ಒಂದೊಂದಾಗಿ ಕಿತ್ತು ನೋಡು. ಮೀಟರ್ ಹಾಗೆ ಕಟ್ಟಿದ್ದಾಗ ಮಾತ್ರ ಯಾರೂ ಕೀ ತಿರುಗಿಸಕೂಡದು. ಅದು ತಡೆಯುವುದು 10 ಆಂಪಿಯರ್.

ಫ್ಯೂಸ್ ಅಂದಾಗ ನೆನಪಾಯಿತು. 10ರ ಕೆಂಪು ಫ್ಯೂಸ್ ಪದೇ ಪದೇ ಹೋಗುತ್ತದೆ ಅಂತ 30ರ ಹಸಿರು ಹಾಕುವವರನ್ನು, ತಂತಿ ಸುತ್ತುವವರನ್ನು ನೀನೂ ನೋಡಿದ್ದೀಯ. ಫ್ಯೂಸ್ ಸುಡದಿದ್ದರೆ ವೈರ್ ಸುಡುತ್ತದೆ, ಒಳಗೆ ಮಕ್ಕಳು ಕೂತಿರುತ್ತಾರೆ. ಪಾರ್ಟಿ ಎಷ್ಟೇ ಅವಸರ ಮಾಡಲಿ, ನೀನು ಆ ಕೆಲಸ ಮಾಡಬೇಡ, ನನ್ನ ಮೇಲಾಣೆ. ಇಂಜಿನ್ ಓಡುವಾಗ ಟರ್ಮಿನಲ್ ಕಿತ್ತು ಚಾರ್ಜಿಂಗ್ ಪರೀಕ್ಷಿಸುವುದೂ ಬೇಡ. ಡೈನಮೋ ಕಾಲದಲ್ಲಿ ನಾವು ಹಾಗೆ ಮಾಡಿದ್ದುಂಟು. ಈಗ ಮಾಡಿದರೆ ವೋಲ್ಟೇಜ್ ಜಿಗಿದು ಇಸಿಯು ಸತ್ತೀತು. ಮೀಟರ್ ಹಿಡಿ, 14ರ ಆಸುಪಾಸು ಬಂದರೆ ಚಾರ್ಜಿಂಗ್ ಸರಿಯಿದೆ.

ಆ ಬಿಳಿ ಕಾರು ಶೆಡ್ಡಿನಲ್ಲೇ ಇದೆ. ನಾನು ಮುಟ್ಟಿಲ್ಲ. ಪಾರ್ಟಿಗೆ ಫೋನ್ ಮಾಡಿ, ಬ್ಯಾಟರಿ ತರಬೇಡಿ, ನಾಳೆ ಮಧ್ಯಾಹ್ನದವರೆಗೆ ಸಮಯ ಕೊಡಿ ಅಂದಿದ್ದೇನೆ. ಬೆಳಿಗ್ಗೆ ಬಂದವನು ಸೆಲ್ಫ್ ಹೊಡೆಸಿ ಬ್ಯಾಟರಿ, ಪಾಸಿಟಿವ್ ದಾರಿ, ನೆಗೆಟಿವ್ ದಾರಿ, ಮೂರೂ ಕಡೆ ಅಳೆದು, ಅಂಕಿಗಳನ್ನು ಇದೇ ಹಾಳೆಯ ಹಿಂಬದಿ ಬರೆದಿಡು. ಹತ್ತು ಗಂಟೆಗೆ ಬರುತ್ತೇನೆ, ಜೊತೆಗೆ ಕೂತು ನೋಡೋಣ.