ಫೌಂಟನ್ ಪೆನ್ನು ಮತ್ತು ಮಸಿಗಳ ಸಂಗ್ರಹ: ಆರಂಭಿಸುವವರಿಗೆ ಕೆಲವು ಮಾತುಗಳು

ಅಂಚೆಚೀಟಿ, ಹಳೆಯ ನಾಣ್ಯ ಮೊದಲಾದುವನ್ನು ಕೂಡಿಡುವ ಹವ್ಯಾಸವು ನಮ್ಮವರಿಗೆ ಹೊಸದಲ್ಲ. ಫೌಂಟನ್ ಪೆನ್ನುಗಳನ್ನೂ ಬಗೆಬಗೆಯ ಮಸಿಗಳನ್ನೂ ಸಂಗ್ರಹಿಸುವ ಅಭಿರುಚಿಯು ಈಚೆಗೆ ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿಯೂ ಕೆಲವರಿಗೆ ಹುಟ್ಟಿದೆ; ಇದನ್ನು ಆರಂಭಿಸುವುದು ಹೇಗೆಂದು ಅವರಲ್ಲಿ ಹಲವರು ನಮ್ಮನ್ನು ಕೇಳಿರುವರು. ಅಂಗಡಿಗೆ ಹೋಗುವುದಕ್ಕೆ ಮುಂಚೆ ನಿಮ್ಮ ತಾಯಿಯವರ ಬೀರುವನ್ನು ತೆರೆದು ನೋಡಿರಿ ಎಂಬುದೇ ನಮ್ಮ ಉತ್ತರ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲಗಳ ಕಡೆ ಉಪಾಧ್ಯಾಯರೋ ಶಾನುಭೋಗರೋ ಗುಮಾಸ್ತರೋ ಒಬ್ಬರಾದರೂ ಇದ್ದ ಮನೆತನಗಳು ಬಹಳ. ಅಂಥ ಮನೆಗಳಲ್ಲಿ ಹಳೆಯ ಕನ್ನಡಕದ ಪಕ್ಕದಲ್ಲಿ ಒಂದೆರಡು ಪೆನ್ನುಗಳು ಸಿಕ್ಕುವುದು ಅಪರೂಪವಲ್ಲ. ನಾಣ್ಯವು ಪೆಟ್ಟಿಗೆಯಲ್ಲಿ ಎಷ್ಟು ಕಾಲವಿದ್ದರೂ ಕೆಡದು. ಪೆನ್ನಾದರೋ ಒಳಗಿನ ಮಸಿ ಒಣಗಿದರೆ ಬರೆಯದಾಗುತ್ತದೆ. ಆದಕಾರಣ ಈ ಹವ್ಯಾಸದಲ್ಲಿ ಕೊಳ್ಳುವುದಕ್ಕಿಂತ ಮೊದಲು ಕಲಿಯತಕ್ಕುದು ತೊಳೆಯುವುದನ್ನು.

ಕೆಲವು ತಿಂಗಳ ಹಿಂದೆ ನಮ್ಮ ಒಂಬತ್ತನೆಯ ತರಗತಿಯ ಬಾಲಿಕೆಯೊಬ್ಬಳು ತನ್ನ ಅಜ್ಜಿಯ ಪೆನ್ನನ್ನು ತಂದಳು. ಆ ಅಜ್ಜಿಯವರು ಹೊಸಕೋಟೆ ತಾಲ್ಲೂಕಿನಲ್ಲಿ ಉಪಾಧ್ಯಾಯಿನಿಯಾಗಿದ್ದವರು. ಮಗು ಹುಟ್ಟುವುದಕ್ಕೆ ಮುಂಚೆಯೇ ತೀರಿಹೋಗಿದ್ದರು. ಪೆನ್ನಿನ ನಿಬ್ಬನ್ನು ತಣ್ಣೀರಿನ ಲೋಟದಲ್ಲಿ ಅದ್ದಿಟ್ಟೆವು. ಮೂರು ದಿವಸ ನೀರು ನೀಲಿಯಾಗುತ್ತಲೇ ಇತ್ತು, ನಾಲ್ಕನೆಯ ದಿವಸ ತಿಳಿಯಾಯಿತು. ಅಜ್ಜಿಯು ಕಡೆಯ ಸಲ ತುಂಬಿದ ಮಸಿಯೇ ಅದೆಂದು ತಿಳಿದ ಹುಡುಗಿಯು ಮೊದಲ ದಿವಸದ ನೀರನ್ನು ಚೆಲ್ಲಲೊಪ್ಪದೆ ಒಂದು ಸೀಸೆಯಲ್ಲಿ ತುಂಬಿಟ್ಟುಕೊಂಡಳು. ಬರವಣಿಗೆಗೆ ಬಾರದ ನೀರದು. ಆದರೂ ಬೇಡವೆನ್ನಲು ನಮಗೆ ಮನಸ್ಸು ಬರಲಿಲ್ಲ.

ತೊಳೆಯುವಾಗ ಬಿಸಿನೀರು ಕೂಡದು. ಹಳೆಯ ಪೆನ್ನುಗಳಲ್ಲಿ ಕೆಲವು ಎಬೊನೈಟಿನವು, ಎಂದರೆ ಗಂಧಕ ಬೆರೆಸಿ ಗಟ್ಟಿಮಾಡಿದ ರಬ್ಬರಿನವು. ಅವು ಬಿಸಿನೀರಿಗೂ ಬಿಸಿಲಿಗೂ ಕಪ್ಪುಬಣ್ಣವನ್ನು ಕಳೆದುಕೊಂಡು ಕಂದಾಗುತ್ತವೆ. ಸೆಲ್ಯುಲಾಯ್ಡಿನ ಪೆನ್ನುಗಳು ಸೊಟ್ಟಗಾಗುತ್ತವೆ. ಸ್ಪಿರಿಟ್ಟನ್ನಂತೂ ಹತ್ತಿರ ತರಬಾರದು. ಒಳಗೆ ರಬ್ಬರಿನ ಚೀಲವುಳ್ಳ ಪೆನ್ನಾದರೆ ಆ ಚೀಲವು ಗಟ್ಟಿಯಾಗಿರಬಹುದಾದುದರಿಂದ ಪಕ್ಕದ ಸನ್ನೆಯನ್ನು ಬಲವಂತವಾಗಿ ಎತ್ತದೆ, ಬಲ್ಲವರಿಗೆ ತೋರಿಸತಕ್ಕುದು. ನಮ್ಮ ಜಿಲ್ಲೆಯ ಕೊಳವೆಬಾವಿಯ ನೀರು ಬಹುಮಟ್ಟಿಗೆ ಗಡಸು. ಕಡೆಯ ತೊಳೆತಕ್ಕೆ ಮಳೆಯ ನೀರೋ ಶೋಧಿಸಿದ ಕುಡಿಯುವ ನೀರೋ ಉತ್ತಮ. ಇಲ್ಲವಾದರೆ ಸುಣ್ಣದ ಕಣಗಳು ಸಣ್ಣ ದಾರಿಗಳಲ್ಲಿ ನಿಂತುಬಿಡುತ್ತವೆ.

ಆ ದಾರಿಗಳ ಕೆಲಸವನ್ನು ತಿಳಿದವರಿಗೆ ಪೆನ್ನಿನ ರೋಗವೂ ತಿಳಿಯುತ್ತದೆ. ನಿಬ್ಬಿನ ಸೀಳಿನಲ್ಲಿಯೂ ಅದರ ಅಡಿಯ ನಾಲಗೆಯ ಗೆರೆಗಳಲ್ಲಿಯೂ ಮಸಿಯು, ದೀಪದ ಬತ್ತಿಯಲ್ಲಿ ಎಣ್ಣೆಯು ಏರುವಂತೆ, ತಾನಾಗಿಯೇ ಹರಿಯುತ್ತದೆ. ಹೊರಟ ಮಸಿಯಷ್ಟೇ ಗಾಳಿಯು ಒಳಗೆ ಹೋಗಬೇಕು. ಈ ಗಾಳಿ-ಮಸಿಗಳ ಹೋಗುಬರುವಿಕೆಯನ್ನು ಹದಗೊಳಿಸಿದ ನಾಲಗೆಗೆ ನ್ಯೂಯಾರ್ಕಿನ ಲೂಯಿಸ್ ವಾಟರ್‌ಮನ್ 1884ರಲ್ಲಿ ಹಕ್ಕುಪತ್ರ ಪಡೆದನು. ಹೊಟ್ಟೆಗೇ ನೇರವಾಗಿ ಮಸಿ ಹಾಕುವ ಪೆನ್ನು ಮುಕ್ಕಾಲು ಖಾಲಿಯಾದಾಗ ತೊಟ್ಟಿಕ್ಕುವುದೇಕೆಂದು ಅನೇಕರು ಕೇಳುತ್ತಾರೆ. ಒಳಗೆ ಹೆಚ್ಚಿದ ಗಾಳಿಯು ಕೈಯ ಶಾಖಕ್ಕೆ ಹಿಗ್ಗಿ ಮಸಿಯನ್ನು ತಳ್ಳುವುದೇ ಕಾರಣ. ಅದು ಕಾಲುಭಾಗಕ್ಕೆ ಇಳಿಯುವ ಮೊದಲೇ ಮತ್ತೆ ತುಂಬಿದರೆ ತೀರಿತು.

ಹೊಸದನ್ನು ಕೊಳ್ಳುವಾಗ ಕನ್ನಡ ಬರೆಯುವವರು ನಿಬ್ಬಿನ ವಿಷಯದಲ್ಲಿ ಮೋಸಹೋಗಬಾರದು. ಅಂಗಡಿಯಲ್ಲಿ ಇಂಗ್ಲಿಷಿನ ಸಹಿ ಹಾಕಿ ನೋಡಿ ತರುತ್ತಾರೆ. ಮನೆಗೆ ಬಂದು ಕನ್ನಡ ಬರೆದರೆ ಅಕ್ಷರಗಳು ತುಂಬಿಹೋಗುತ್ತವೆ. ನಮ್ಮ ಲಿಪಿಯು ದುಂಡು. ತಲಕಟ್ಟು ಮೇಲೆ, ಒತ್ತಕ್ಷರ ಕೆಳಗೆ, ನಡುವೆ ಸಣ್ಣ ಸಣ್ಣ ಸುಳಿಗಳು. ದಕಾರಕ್ಕೂ ಧಕಾರಕ್ಕೂ, ಡಕಾರಕ್ಕೂ ಢಕಾರಕ್ಕೂ ಭೇದವಿರುವುದು ಅಡಿಯ ಒಂದು ಸೀಳಿನಲ್ಲಿ. ದಪ್ಪ ನಿಬ್ಬು ಆ ಸೀಳನ್ನು ಮುಚ್ಚಿಬಿಡುತ್ತದೆ. ಆದಕಾರಣ ಮೊದಲ ಪೆನ್ನಿಗೆ ಸಣ್ಣ ನಿಬ್ಬನ್ನೇ ಕೇಳಿರಿ. ಜಪಾನಿನ ಸಣ್ಣ ನಿಬ್ಬುಗಳು ಸಾಮಾನ್ಯವಾಗಿ ಯೂರೋಪಿನವುಗಳಿಗಿಂತ ಸಣ್ಣ. ಇನ್ನೊಂದು ಮಾತು: ಸುಳಿ ತಿರುಗಿಸುವಾಗ ನಿಬ್ಬು ಮೇಲಕ್ಕೂ ಎಡಕ್ಕೂ ತಳ್ಳಲ್ಪಡುವುದರಿಂದ, ಚುಚ್ಚುವ ನಿಬ್ಬು ಕಾಗದವನ್ನು ಕೆರೆಯುತ್ತದೆ. ‘ಶ್ರೀ’ ಎಂದೂ ‘ಋಣ’ ಎಂದೂ ಹತ್ತು ಸಲ ಬರೆದು ನೋಡಿಯೇ ಹಣ ಕೊಡಿರಿ. ಅಂಗಡಿಯವರು ಬೇಸರಪಟ್ಟರೆ ಪಡಲಿ.

ನಮ್ಮ ದೇಶದ ಪೆನ್ನು-ಮಸಿಗಳ ಚರಿತ್ರೆಯನ್ನೇ ಸಂಗ್ರಹಕ್ಕೆ ದಾರಿಯಾಗಿ ಹಿಡಿದರೆ ಸ್ವಲ್ಪ ಹಣದಲ್ಲಿ ಬಹಳ ಕಲಿಯಬಹುದು. ರಾಜಮಹೇಂದ್ರಿಯಲ್ಲಿ 1932ರಲ್ಲಿ ಕೆ. ವಿ. ರತ್ನಂ ಅವರು ಸ್ವದೇಶೀ ಪೆನ್ನಿನ ಕೆಲಸವನ್ನು ಆರಂಭಿಸಿದರು. ಅವರ ಪೆನ್ನನ್ನು ಮೆಚ್ಚಿ ಗಾಂಧಿಯವರು 1935ರಲ್ಲಿ ವಾರ್ಧಾದಿಂದ ಅವರಿಗೆ ಪತ್ರ ಬರೆದರು. ಬಂಗಾಳದ ಸುಲೇಖಾ ಮಸಿಯು 1934ರಲ್ಲಿ ಹುಟ್ಟಿತು. ಮುಂಬಯಿಯ ಕ್ಯಾಮ್ಲಿನ್ ಸಂಸ್ಥೆಯು 1931ರಲ್ಲಿ ಮಸಿಯ ಪುಡಿ ಮತ್ತು ಗುಳಿಗೆಗಳಿಂದ ಆರಂಭವಾದುದು. ನಮ್ಮ ತಲೆಮಾರಿನವರಿಗೆ ಬೆಂಗಳೂರಿನ ಚೆಲ್ಪಾರ್ಕ್ ಮಸಿಯ ಸೀಸೆಯ ಗುರುತಿದೆ. ಖಾಲಿ ಸೀಸೆಯಾದರೂ ಸಿಕ್ಕಿದರೆ ಬಿಸಾಡಬೇಡಿರಿ.

ಮಸಿಯ ವಿಷಯಕ್ಕೆ ಬರೋಣ. ಮಕ್ಕಳು ಬಣ್ಣ ನೋಡಿ ಕೊಳ್ಳುತ್ತಾರೆ, ದೊಡ್ಡವರೂ ಹಾಗೆಯೇ. ಆದರೆ ಕೇಳಬೇಕಾದ ಪ್ರಶ್ನೆಯು, ಬರೆದುದು ಎಷ್ಟು ಕಾಲ ಉಳಿಯಬೇಕೆಂಬುದು. ತೊಳೆದರೆ ಹೋಗುವ ರಾಯಲ್ ನೀಲಿಯು ಶಾಲೆಯ ಸಮವಸ್ತ್ರಕ್ಕೆ ಅನುಕೂಲ, ಕಾಗದ-ಪತ್ರಗಳಿಗೆ ಅಪಾಯ: ಬೆಳಕಿಗೆ ಮಾಸುತ್ತದೆ, ಮಳೆಯ ಹನಿಗೆ ಕದಡಿಹೋಗುತ್ತದೆ. ಹಳೆಯ ನೀಲಿಗಪ್ಪು ಮಸಿಯು ಬೇರೆಯ ಜಾತಿ. ಕಬ್ಬಿಣದ ಲವಣವಾದ ಅನ್ನಭೇದಿಗೆ ಮಾಚಿಕಾಯಿಯ ಒಗರು ಸೇರಿದರೆ ಅದು ಬರೆಯುವಾಗ ತಿಳಿಯಾಗಿದ್ದು, ಗಾಳಿ ತಗುಲಿ ಕಪ್ಪಾಗಿ ಕಾಗದದ ನಾರಿನೊಳಗೆ ಕಚ್ಚಿಕೊಳ್ಳುತ್ತದೆ. ನಮ್ಮ ಹಿರಿಯರು ಅಳಲೆಕಾಯಿಯಿಂದ ಮಾಡಿಕೊಳ್ಳುತ್ತಿದ್ದ ಮಸಿಯದೂ ಇದೇ ರಸಾಯನ. ಇಂಗ್ಲೆಂಡಿನಲ್ಲಿ ಜನನ-ವಿವಾಹಗಳ ದಾಖಲೆಗೆ ಬಹುಕಾಲ ಬಳಸಿದುದು ಈ ಜಾತಿಯ ಮಸಿಯನ್ನೇ. ಡೈಮೈನ್ ಸಂಸ್ಥೆಯ ‘ರಿಜಿಸ್ಟ್ರಾರ್ಸ್’ ಮಸಿಯು ಅದರ ಒಂದು ಮಾದರಿ. ಈಗ ನೀಲಿಗಪ್ಪು ಎಂಬ ಹೆಸರಿರುವುದೆಲ್ಲವೂ ಕಬ್ಬಿಣದ ಮಸಿಯಲ್ಲ, ವಿಚಾರಿಸಿ ಕೊಳ್ಳಬೇಕು. ಇದನ್ನು ತುಂಬಿದ ಪೆನ್ನನ್ನು ಒಣಗಲು ಬಿಡಲೂ ಕೂಡದು. ತಾಯಿಯವರ ಕಾಗದಗಳನ್ನು ಕಾಪಾಡಬೇಕೆನ್ನುವವರು ಅವನ್ನು ಬೆಳಕಿಗೂ ತೇವಕ್ಕೂ ದೂರವಾಗಿ ಇಡಲಿ, ಪ್ರತಿಯನ್ನು ತೆಗೆಸಿಕೊಳ್ಳಲಿ, ಲ್ಯಾಮಿನೇಷನ್ ಮಾಡಿಸದಿರಲಿ, ಏಕೆಂದರೆ ಒಂದು ಸಲ ಅಂಟಿದ ಹಾಳೆಯನ್ನು ಮತ್ತೆ ಬಿಡಿಸಲಾಗದು.

ಚಿತ್ರ ಬರೆಯುವ ಇಂಡಿಯನ್ ಇಂಕನ್ನು ಪೆನ್ನಿಗೆ ಹಾಕಬಾರದು. ಅದರಲ್ಲಿ ಅರಗಿನಂಥ ಅಂಟು ಇರುವುದರಿಂದ ನಾಲಗೆಯು ಕಾಯಮ್ಮಾಗಿ ಕಟ್ಟಿಹೋಗುತ್ತದೆ. ನಮ್ಮ ರಾಜ್ಯದ ಅತ್ಯಂತ ಪ್ರಸಿದ್ಧವಾದ ಮಸಿಯೂ ಪೆನ್ನಿಗೆ ಬಾರದು: ಮೈಸೂರಿನಲ್ಲಿ 1937ರಲ್ಲಿ ಸ್ಥಾಪಿತವಾದ ಅರಗು ಮತ್ತು ಬಣ್ಣದ ಕಾರ್ಖಾನೆಯು 1962ರ ಚುನಾವಣೆಯಿಂದ ಒದಗಿಸುತ್ತ ಬಂದಿರುವ, ಮತದಾರರ ಬೆರಳಿಗೆ ಹಚ್ಚುವ ಮಸಿ. ಅದರ ಬೆಳ್ಳಿಯ ನೈಟ್ರೇಟು ಚರ್ಮದ ಮೇಲೆ ಬೆಳಕಿಗೆ ಕಪ್ಪಾಗುವುದು. ಸಂಗ್ರಾಹಕರು ಅದನ್ನು ತಮ್ಮ ಬೆರಳಿನಲ್ಲಿಯೇ ಧರಿಸಿ ತೃಪ್ತರಾಗಬೇಕು.

ದೊಡ್ಡಬಳ್ಳಾಪುರದ ನೇಕಾರರ ಮನೆಗಳ ಹೆಣ್ಣುಮಕ್ಕಳಿಗೆ ಒಂದು ವಿಶೇಷ ಎಚ್ಚರಿಕೆ. ಪೆನ್ನಿನ ಮಸಿಯ ಬಣ್ಣಗಳಲ್ಲಿ ಅನೇಕವು ರೇಷ್ಮೆಗೆ ಹಾಕುವ ಬಣ್ಣಗಳ ಜಾತಿಗೇ ಸೇರಿದುವು. ಹತ್ತಿಯ ಬಟ್ಟೆಯಿಂದ ಬಿಡುವ ನೀಲಿಯು ರೇಷ್ಮೆಯಿಂದ ಬಿಡದೆ ಹೋಗಬಹುದು. ಮಗ್ಗದ ಮುಂದೆ ಪೆನ್ನು ತುಂಬುವ ಕೆಲಸ ಬೇಡ.

ಎಷ್ಟು ಮಸಿ ಕೊಳ್ಳಬೇಕು? ಕೊಳವೆಯಿಂದ ಹೀರುವ ಸಾಧಾರಣ ಪೆನ್ನು ಒಂದು ಮಿಲಿಲೀಟರಿಗಿಂತ ಕಡಿಮೆ ಹಿಡಿಯುತ್ತದೆ. 30 ಮಿಲಿಲೀಟರಿನ ಒಂದು ಸೀಸೆಯು ಮೂವತ್ತಕ್ಕೂ ಹೆಚ್ಚು ಸಲ ಸಾಕಾಗುವುದಷ್ಟೆ. ಹೀಗಿರಲು ಹತ್ತು ಸೀಸೆಗಳನ್ನು ಒಂದೇ ತಿಂಗಳಲ್ಲಿ ತರುವವರ ಉತ್ಸಾಹವನ್ನು ನಾವು ಒಪ್ಪಲಾರೆವು. ಮೊದಲ ವರ್ಷಕ್ಕೆ ಎರಡು ಸಾಕು, ಉಳಿಯತಕ್ಕ ಬರಹಕ್ಕೊಂದು, ಸಂತೋಷಕ್ಕೊಂದು. ಎರಡನ್ನು ಬೆರೆಸಬಾರದು, ಗಸಿ ಕಟ್ಟೀತು. ಸೀಸೆಯ ಮೇಲೆ ತೆರೆದ ದಿನವನ್ನು ಬರೆದಿಡಿರಿ. ಮಸಿಯ ಮೇಲೆ ಬೂಷ್ಟಿನ ಪರೆ ಕಂಡರೆ ಕರುಣೆಯಿಲ್ಲದೆ ಚೆಲ್ಲಿರಿ. ಒಂದು ನೋಟುಬುಕ್ಕಿನಲ್ಲಿ ಪ್ರತಿಯೊಂದು ಪೆನ್ನಿನ ಹೆಸರು, ಯಾರದು, ಯಾವ ಊರಿನಲ್ಲಿ ಯಾರ ಕೈಯಲ್ಲಿ ಬರೆಯಿತು, ಈಗ ಯಾವ ಮಸಿ ಇದೆ ಎಂಬುದನ್ನು ಅದೇ ಪೆನ್ನಿನಿಂದ ಬರೆಯತಕ್ಕುದು. ಅಜ್ಜಿಯಂದಿರು ಇರುವಾಗಲೇ ಕೇಳಿ ಬರೆದುಕೊಳ್ಳಿರಿ. ಅವರಿಗೆ ಕೈ ನಡುಗದಿದ್ದರೆ ಒಂದು ಸಾಲನ್ನು ಅವರಿಂದಲೇ ಬರೆಸಿರಿ.

ದೂರದೇಶಗಳಿಂದ ದೇವನಹಳ್ಳಿಯ ವಿಮಾನನಿಲ್ದಾಣಕ್ಕೆ ಬಂದಿಳಿಯುವ ನಮ್ಮ ಹಳೆಯ ವಿದ್ಯಾರ್ಥಿನಿಯರು ಪೆನ್ನು ಸೋರಿ ಚೀಲ ಹಾಳಾಯಿತೆಂದು ಹೇಳುವುದುಂಟು. ವಿಮಾನವು ಏರುವಾಗ ಒಳಗಿನ ಗಾಳಿಯ ಒತ್ತಡ ಇಳಿಯುವುದರಿಂದ ಪೆನ್ನಿನ ಗಾಳಿಯು ಹಿಗ್ಗುತ್ತದೆ. ಪೆನ್ನನ್ನು ಪೂರ್ತಿ ತುಂಬಿ, ಇಲ್ಲವೆ ಪೂರ್ತಿ ಬರಿದುಮಾಡಿ, ನಿಬ್ಬು ಮೇಲಾಗಿ ನಿಲ್ಲಿಸಿಟ್ಟುಕೊಳ್ಳಿರಿ. ಇಳಿದ ಮೇಲೆ ಮುಚ್ಚಳವನ್ನು ಒಂದು ಹಳೆಯ ಬಟ್ಟೆಯೊಳಗೆ ತೆಗೆಯಿರಿ.