ಕಲ್ಲಿನ ವೃತ್ತದೊಳಗಿನ ಬೆಂಕಿ

ಶಿಬಿರಾಗ್ನಿಯ ಸುತ್ತ ಕುಳಿತು ಹಾಡುವುದು ಯಾರಿಗೆ ಬೇಡ? ಕಾಡು ಒಣಗಿದ ದಿನಗಳಲ್ಲಿ ಅದನ್ನು ನಿಷೇಧಿಸಿದರೆ, ‘ನಾವು ಎಚ್ಚರಿಕೆಯಿಂದ ಇರುತ್ತೇವಲ್ಲ’ ಎಂದು ನಿಮ್ಮ ಮಕ್ಕಳು ವಾದಿಸಬಹುದು. ಅಮೆರಿಕದ ಕೊಲೊರಾಡೊ ರಾಜ್ಯದಲ್ಲಿ ನಡೆದದ್ದನ್ನು ಅವರಿಗೆ ಹೇಳಿ.

2002ರ ಜೂನ್ 8. ಬರದಿಂದಾಗಿ ಪೈಕ್ ರಾಷ್ಟ್ರೀಯ ಅರಣ್ಯದಲ್ಲಿ ಯಾರೂ ಬೆಂಕಿ ಹಚ್ಚುವಂತಿರಲಿಲ್ಲ. ಆ ನಿಷೇಧವನ್ನು ಕಾಯಲು ಗಸ್ತು ತಿರುಗುತ್ತಿದ್ದ ಅರಣ್ಯ ಸಿಬ್ಬಂದಿಯೊಬ್ಬರೇ ಶಿಬಿರದ ಕಲ್ಲಿನ ವೃತ್ತದೊಳಗೆ ಬೆಂಕಿ ಹಚ್ಚಿದರು. ಪತಿಯ ಪತ್ರವನ್ನು ಸುಟ್ಟೆನೆಂದು ಆಕೆ ಹೇಳಿದ್ದುಂಟು. ತನಿಖೆಯವರು ಅದನ್ನು ಪೂರ್ತಿ ನಂಬಲಿಲ್ಲ. ಸುಮಾರು 1,38,000 ಎಕರೆ ಪ್ರದೇಶ ಸುಟ್ಟಿತು, 133 ಮನೆಗಳು ಬೂದಿಯಾದವು. ಆಕೆ ಸೆರೆವಾಸ ಅನುಭವಿಸಿದರು.

ಸುತ್ತಲೂ ಕಲ್ಲಿಟ್ಟರೆ ಸಾಲದೇ? ಸಾಲದು. ಕಿಡಿ ಗಾಳಿಯಲ್ಲಿ ಹಾರುತ್ತದೆ. ಕೆಂಡವೋ, ನೆಲದಡಿಯ ಬೇರು ಹಿಡಿದು ದಿನಗಟ್ಟಲೆ ಹೊಗೆಯಾಡಬಲ್ಲದು. ಮೇಲೆ ಮಣ್ಣು ಮುಚ್ಚಿದರೆ ಒಳಗೇ ಉಳಿಯುತ್ತದೆ. ‘ಉದ್ದೇಶ ಕೆಟ್ಟದಿರಲಿಲ್ಲ’ ಎಂದು ಪಾಪನಿವೇದನೆಯಲ್ಲಿ ನಾವು ಎಷ್ಟು ಸಲ ಹೇಳುವುದಿಲ್ಲ! ಆದರೆ ಅಲಕ್ಷ್ಯಕ್ಕೂ ಹೊಣೆಯುಂಟು.

ನಿಷೇಧವಿಲ್ಲದಾಗಲೂ ನೀರು ಸುರಿದು, ಕದಡಿ, ಮತ್ತೆ ಸುರಿಯಬೇಕು. ಬೂದಿಯ ಬಳಿ ಹಿಡಿದ ಕೈಗೆ ಬಿಸಿ ತಾಗುತ್ತಿದ್ದರೆ ಅಲ್ಲಿಂದ ಕದಲಬಾರದು. ನಿಷೇಧವಿದ್ದಾಗ ಕೆಲವೆಡೆ ಗ್ಯಾಸ್ ಒಲೆಗೆ ಅನುಮತಿಯಿರುತ್ತದೆ, ಕೆಲವೆಡೆ ಅದೂ ಇಲ್ಲ. ಹೊರಡುವ ಮುನ್ನವೇ ಆಯಾ ಅರಣ್ಯ ಕಚೇರಿಯಲ್ಲಿ ವಿಚಾರಿಸಿಕೊಳ್ಳಿ.